ಕರೆಂಟು ಬಂದ ಕೂಡಲೇ ತಿರುಗಿದ ಪಂಪು: ಎಣ್ಮಕಜೆಯ ತೋಟವೊಂದರ ಪ್ರಕರಣ

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಗುಡ್ಡೆಯ ಬದಿಯಲ್ಲಿರುವ ನಮ್ಮ ಅಡಿಕೆ ತೋಟಕ್ಕೆ ಬಾವಿ ಇಲ್ಲ, ಸುರಂಗದ ನೀರೇ ಆಧಾರ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹಾರೆ ಹಿಡಿದು ನುಗ್ಗುವಷ್ಟೇ ಅಗಲಕ್ಕೆ ಅಜ್ಜ ಕೊರೆಸಿದ್ದು. ಅಲ್ಲಿಂದ ನೀರು ತಾನಾಗಿ ಹರಿದು 10 ಸಾವಿರ ಲೀಟರಿನ ಟಾಂಕಿಗೆ ಬೀಳುತ್ತದೆ. ಬೇಸಗೆಯಲ್ಲಿ ಒಂದು ಲೀಟರು ತುಂಬಲು 6 ಸೆಕೆಂಡು ಬೇಕು. ಗಂಟೆಗೆ 600 ಲೀಟರು, ಟಾಂಕಿ ತುಂಬಲು ಸುಮಾರು 17 ಗಂಟೆ. ಅಷ್ಟು ಹೊತ್ತು ಕೂಡಿದ ನೀರನ್ನು 3 ಎಚ್‌ಪಿ ಪಂಪು 40 ನಿಮಿಷದಲ್ಲಿ ಸ್ಪ್ರಿಂಕ್ಲರುಗಳಿಗೆ ಎಳೆದು ಮುಗಿಸುತ್ತದೆ. ಈ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಪೇಟೆಯ ಮನೆಯಲ್ಲಿ ದೀಪವೊಂದು ತಪ್ಪಾಗಿ ಉರಿದರೆ ಸ್ವಲ್ಪ ಕರೆಂಟು ಹೋಗುತ್ತದೆ, ಅಷ್ಟೇ. ನಮ್ಮಲ್ಲಿ ಪಂಪು ತಪ್ಪಾಗಿ ಒಮ್ಮೆ ತಿರುಗಿದರೆ ಮರುದಿನ ತೋಟಕ್ಕೆ ನೀರಿಲ್ಲ.

ನಾನು ಮಂಗಳೂರಿನಲ್ಲಿ ಕೆಲಸ ಮಾಡುವವನು. ಅಪ್ಪ ಅಮ್ಮ ಇಬ್ಬರಿಗೂ 70 ದಾಟಿದೆ, ಪಂಪಿನ ಶೆಡ್ಡು ಮನೆಯಿಂದ ಕೆಳಗೆ 60 ಮೆಟ್ಟಿಲು. ಹಾಗಾಗಿ ಪಂಪನ್ನು ಫೋನಿನಿಂದ ನಡೆಸುವ ವ್ಯವಸ್ಥೆಯೊಂದನ್ನು ಮಾಡಿಕೊಟ್ಟಿದ್ದೆ. ಶೆಡ್ಡಿನಲ್ಲಿ ಒಂದು ಇಎಸ್‌ಪಿ32 ಬೋರ್ಡು, ಅಂದರೆ ವೈಫೈ ಇರುವ ಅಂಗೈಯಗಲದ ಗಣಕ. ಅದರ ರಿಲೇ ಎಂಬ ಸಣ್ಣ ಸ್ವಿಚ್ಚು ಸ್ಟಾರ್ಟರಿನ ಕಂಟ್ಯಾಕ್ಟರನ್ನು, ಅಂದರೆ ಪಂಪಿಗೆ ಕರೆಂಟು ಬಿಡುವ ದೊಡ್ಡ ಸ್ವಿಚ್ಚನ್ನು, ಎಳೆಯುತ್ತದೆ. ಬೋರ್ಡಿನೊಳಗಿನ ತಂತ್ರಾಂಶ ಇಎಸ್‌ಪಿಹೋಮ್. ಮನೆಯೊಳಗೆ ಇನ್ವರ್ಟರಿಗೆ ಜೋಡಿಸಿದ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು, ಅದರಲ್ಲಿ ಮಸ್ಕಿಟೋ ಎಂಬ ಬ್ರೋಕರ್, ಅಂದರೆ ಸಂದೇಶಗಳನ್ನು ಪಡೆದು ಹಂಚುವ ತಂತ್ರಾಂಶ. ಅಮ್ಮನ ಫೋನಿನಲ್ಲಿ ನಾನೇ ಫ್ಲಟರ್‌ನಲ್ಲಿ ಬರೆದ ಪುಟ್ಟ ಆ್ಯಪ್. ಅದರಲ್ಲಿ ಎರಡೇ ಗುಂಡಿ: ‘ನೀರು ಬಿಡು’, ‘ನಿಲ್ಲಿಸು’. 40 ನಿಮಿಷ ಕಳೆದರೆ ಬೋರ್ಡು ತಾನೇ ಪಂಪನ್ನು ನಿಲ್ಲಿಸುತ್ತದೆ. ಶೆಡ್ಡಿನ ಗೋಡೆಯಲ್ಲಿ ಅಪ್ಪನಿಗಾಗಿ ಒಂದು ಒತ್ತುಗುಂಡಿಯೂ ಇದೆ.

ಫೋನಿಗೂ ಬೋರ್ಡಿಗೂ ನಡುವೆ ಮಾತು ನಡೆಯುವುದು ಎಂಕ್ಯೂಟಿಟಿ ಎಂಬ ವಿಧಾನದಲ್ಲಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್‌-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಣ್ಣೆ ಪೈಪುಗಳ ನಿಗಾಕ್ಕಾಗಿ, ಉಪಗ್ರಹದ ದುಬಾರಿ ಸಂಪರ್ಕದಲ್ಲಿ ಆದಷ್ಟು ಕಡಿಮೆ ಬೈಟು ಸಾಗಲಿ ಎಂದು ಇದನ್ನು ರೂಪಿಸಿದರು. ಮಿಂಚು ಬಂದರೆ ಇಂಟರ್ನೆಟ್ಟು ಹೋಗುವ ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ. ಪ್ರತಿ ವಿಷಯಕ್ಕೂ ಒಂದೊಂದು ವಿಳಾಸ, ಅಂದರೆ ಟಾಪಿಕ್. ಹೇಳುವವರು ಅಲ್ಲಿಗೆ ಹೇಳುತ್ತಾರೆ, ಕೇಳಬೇಕಾದವರು ಅಲ್ಲಿ ಕಿವಿ ಇಟ್ಟಿರುತ್ತಾರೆ. ಟಾಪಿಕ್ಕುಗಳ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೆ: ‘ತೋಟ/ಪಂಪ್‌ಸೆಟ್/ಆಜ್ಞೆ’ ಮತ್ತು ‘ತೋಟ/ಪಂಪ್‌ಸೆಟ್/ಸ್ಥಿತಿ’. ಎಂಕ್ಯೂಟಿಟಿ ಯುಟಿಎಫ್‌-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯಬಲ್ಲ ಸಂಕೇತಕ್ರಮ) ಅನ್ನು ಒಪ್ಪುವುದರಿಂದ ಅದಕ್ಕೆ ಅಡ್ಡಿಯಿಲ್ಲ. ಆದರೆ ಈ ಹೆಸರು ನನ್ನನ್ನು ಒಂದು ಗಂಟೆ ಸತಾಯಿಸಿತು. ಆ ಕಥೆ ಮುಂದೆ ಬರುತ್ತದೆ.

ಫೆಬ್ರವರಿ ಕೊನೆಯ ವಾರ ಬೆಳ್ಳಂಬೆಳಿಗ್ಗೆ ಅಪ್ಪನ ಫೋನು: ‘ಟಾಂಕಿಯ ತಳ ಕಾಣ್ತಾ ಉಂಟು. ಪಂಪಿನ ಹತ್ತಿರ ಸುಟ್ಟ ವಾಸನೆ.’ ಹಿಂದಿನ ಸಂಜೆ 6ಕ್ಕೆ ಅಮ್ಮ ನೀರು ಬಿಟ್ಟಿದ್ದರು, 6.40ಕ್ಕೆ ಅದು ತಾನಾಗಿ ನಿಂತಿತ್ತು. ರಾತ್ರಿ ಕರೆಂಟು ಹೋಗಿ 2.10ಕ್ಕೆ ಬಂದಿದೆ. ಅಷ್ಟರಲ್ಲಿ ಟಾಂಕಿಯಲ್ಲಿ ಕೂಡಿದ್ದ ನೀರು 4,500 ಲೀಟರು, ಅಂದರೆ 18 ನಿಮಿಷಕ್ಕೆ ಸಾಲುವಷ್ಟು. ಪಂಪು 40 ನಿಮಿಷ ತಿರುಗಿದೆ. ಉಳಿದ 22 ನಿಮಿಷ ಒಣಗಿ ತಿರುಗಿ ಸೀಲು ಕಾದಿದೆ. ಒಂದು ವಾರದಲ್ಲಿ ಇದು ಮೂರನೆಯ ಸಲ.

ಅಪ್ಪನ ಊಹೆ ಸರಳವಾಗಿತ್ತು. ನಮ್ಮ ಕಡೆ ಎಷ್ಟೋ ತೋಟಗಳಲ್ಲಿ ಸ್ಟಾರ್ಟರಿಗೆ ‘ಆಟೋ’ ಸ್ವಿಚ್ಚು ಇರುತ್ತದೆ, ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಹೊರಡುತ್ತದೆ. ಹಳೆಯ ಸ್ಟಾರ್ಟರಿನ ಆಟೋ ಎಲ್ಲೋ ಉಳಿದುಕೊಂಡಿರಬೇಕು ಎಂದರು. ಒಳ್ಳೆಯ ಊಹೆಯೇ. ಆದರೆ ಅದನ್ನು ನಾನೇ ಬಿಚ್ಚಿ ತೆಗೆದಿದ್ದೆ. ಅಲ್ಲದೆ ಆಟೋ ಇದ್ದರೆ ಪ್ರತಿ ಸಲ ಕರೆಂಟು ಬಂದಾಗಲೂ ತಿರುಗಬೇಕಲ್ಲ? ಕೆಲವು ರಾತ್ರಿ ಕರೆಂಟು ಹೋಗಿ ಬಂದರೂ ಪಂಪು ಸುಮ್ಮನಿತ್ತು.

ನನ್ನ ಮೊದಲ ಅನುಮಾನ ಬೋರ್ಡಿನ ಮೇಲೆ. ಇಎಸ್‌ಪಿಹೋಮ್‌ನಲ್ಲಿ ಸ್ವಿಚ್ಚಿಗೆ ‘ರಿಸ್ಟೋರ್ ಮೋಡ್’ ಎಂಬ ಆಯ್ಕೆ ಇದೆ. ಕರೆಂಟು ಮರಳಿದಾಗ ಹಿಂದಿನ ಸ್ಥಿತಿಗೆ ಹೋಗಬೇಕೋ, ಯಾವಾಗಲೂ ಆಫ್ ಆಗಿ ಏಳಬೇಕೋ ಎಂದು ಅದು ತೀರ್ಮಾನಿಸುತ್ತದೆ. ನಾನು ಏನು ಬರೆದಿದ್ದೇನೆಂದು ನನಗೆ ನೆನಪಿತ್ತು, ಆದರೆ ನೆನಪನ್ನು ನಂಬದೆ ಮಂಗಳೂರಿನಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಕಮಾಂಡ್ ಕೊಡುವ ದಾರಿ) ಮೂಲಕ ಪೈ ಒಳಗೆ ಹೋಗಿ ‘ಇಎಸ್‌ಪಿಹೋಮ್ ಕಾನ್ಫಿಗ್’ ಕಮಾಂಡ್ ಕೊಟ್ಟೆ. ನಾವು ಬರೆದ ಯಾಮಲ್ ಕಡತವನ್ನು, ಅಂದರೆ ಬೋರ್ಡಿನ ಸೆಟ್ಟಿಂಗುಗಳ ಪಟ್ಟಿಯನ್ನು, ಅದು ಪರೀಕ್ಷಿಸಿ, ನಾವು ಬರೆಯದೆ ಬಿಟ್ಟ ಡಿಫಾಲ್ಟ್‌ಗಳನ್ನೂ ಸೇರಿಸಿ ಪೂರ್ತಿ ತೋರಿಸುತ್ತದೆ. ರಿಸ್ಟೋರ್ ಮೋಡ್ ‘ಆಲ್ವೇಸ್ ಆಫ್’ ಎಂದೇ ಇತ್ತು. ಬೋರ್ಡಿನ ಮೇಲಿನ ಅನುಮಾನ ಅರ್ಧ ಕಳೆಯಿತು.

ಅವತ್ತೇ ಪೈಯಲ್ಲಿ ‘ಮಸ್ಕಿಟೋ ಸಬ್’ ಅನ್ನು ಕಾವಲಿಗೆ ಕೂರಿಸಿದೆ. ಬ್ರೋಕರಿನಲ್ಲಿ ಹಾದುಹೋಗುವ ಮಾತನ್ನು ಕೇಳಿಸಿಕೊಳ್ಳುವ ಕಮಾಂಡ್ ಇದು. ‘ತೋಟ’ದ ಮುಂದೆ ಹ್ಯಾಶ್ ಗುರುತು ಹಾಕಿದರೆ ತೋಟದ ಎಲ್ಲ ಟಾಪಿಕ್ಕುಗಳೂ ಬರುತ್ತವೆ. ಮುದ್ರಿಸುವ ರೂಪವನ್ನೂ ನಾವೇ ಹೇಳಬಹುದು: ಸಮಯ, ಟಾಪಿಕ್, ಸಂದೇಶ, ಜೊತೆಗೆ ‘ರಿಟೇನ್’ ಗುರುತು. ಎಲ್ಲವನ್ನೂ ಒಂದು ಕಡತಕ್ಕೆ ಬರೆಯುತ್ತಾ ಹೋಗು ಎಂದು ಬಿಟ್ಟೆ.

ಎರಡನೆಯ ರಾತ್ರಿ ಪಂಪು ಮತ್ತೆ ಹೊರಟಿತು. ಬೆಳಿಗ್ಗೆ ಕಡತ ನೋಡಿದರೆ ‘ಸ್ಥಿತಿ’ ಟಾಪಿಕ್ಕಿನಲ್ಲಿ ಆನ್ ಎಂಬ ವರದಿ ಇದೆ, ‘ಆಜ್ಞೆ’ ಟಾಪಿಕ್ಕಿನಲ್ಲಿ ಆ ಹೊತ್ತಿಗೆ ಒಂದು ಅಕ್ಷರವೂ ಇಲ್ಲ. ಯಾರೂ ಹೇಳಿಲ್ಲ, ಪಂಪು ಹೊರಟಿದೆ. ಅನುಮಾನ ತಿರುಗಿ ಬೋರ್ಡಿನ ಮೇಲೇ ಬಂತು.

ಶನಿವಾರ ಊರಿಗೆ ಹೋದೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡು, ಬೋರ್ಡಿಗೆ ಲ್ಯಾಪ್‌ಟಾಪಿನ ಯುಎಸ್‌ಬಿ ಕೇಬಲ್ಲಿನಿಂದ ಮಾತ್ರ ಕರೆಂಟು ಕೊಟ್ಟೆ. (ಮೂರು ಫೇಸಿನ ಲೈನು ಜೀವಂತ ಇರುವಾಗ ಆ ಪೆಟ್ಟಿಗೆಯ ಹತ್ತಿರ ಲ್ಯಾಪ್‌ಟಾಪು ತರಲೇಬಾರದು. ನನಗೆ ಎಷ್ಟು ಅವಸರವಿದ್ದರೂ ಈ ಒಂದು ವಿಷಯದಲ್ಲಿ ಅವಸರ ಮಾಡುವುದಿಲ್ಲ.) ‘ಇಎಸ್‌ಪಿಹೋಮ್ ಲಾಗ್ಸ್’ ಕಮಾಂಡ್ ವೈಫೈ ಮೂಲಕವೂ ಕೆಲಸ ಮಾಡುತ್ತದೆ, ಆದರೆ ವೈಫೈ ಸಿಗುವ ಮುನ್ನ ಬೋರ್ಡು ಏನು ಮಾಡಿತೆಂದು ಅಲ್ಲಿ ಕಾಣುವುದಿಲ್ಲ. ನನಗೆ ಬೇಕಾಗಿದ್ದುದು ಆ ಮೊದಲ ಕೆಲವು ಸೆಕೆಂಡುಗಳೇ. ಕೇಬಲ್ಲಿನಲ್ಲಿ ಅವು ಸಾಲುಸಾಲಾಗಿ ಬಂದವು. ರಿಲೇ ಆಫ್. ವೈಫೈ ಹುಡುಕುತ್ತಿದೆ. ಎಂಟು ಸೆಕೆಂಡಿಗೆ ಸಿಕ್ಕಿತು. ಬ್ರೋಕರಿಗೆ ಸೇರಿತು. ಸೇರಿದ ಮರುಗಳಿಗೆ: ಪಂಪ್, ಟರ್ನಿಂಗ್ ಆನ್.

ಬೋರ್ಡು ಆಫ್ ಆಗಿಯೇ ಎದ್ದಿದೆ. ಬ್ರೋಕರಿಗೆ ಸೇರುವವರೆಗೆ ಸುಮ್ಮನೆ ಕೂತಿದೆ. ಸೇರಿದ ಮೇಲೆ ಯಾರೋ ಹೇಳಿದ್ದಾರೆ, ಅದು ಕೇಳಿದೆ. ಹಾಗಾದರೆ ನನ್ನ ಕಾವಲಿನ ಕಡತದಲ್ಲಿ ಆ ಮಾತು ಏಕಿಲ್ಲ?

ಉತ್ತರ ಸಿಕ್ಕಿದ್ದು ಅಕಸ್ಮಾತ್ತಾಗಿ. ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಇನ್ನೊಂದು ‘ಮಸ್ಕಿಟೋ ಸಬ್’ ತೆರೆದೆ. ತೆರೆದ ಕೂಡಲೇ, ಯಾರೂ ಏನೂ ಕಳಿಸದೆಯೇ, ಮೊದಲ ಸಾಲು ಬಿತ್ತು: ರಿಟೇನ್ 1, ‘ತೋಟ/ಪಂಪ್‌ಸೆಟ್/ಆಜ್ಞೆ’, ಆನ್.

ರಿಟೇನ್ ಎಂದರೆ ‘ಇದನ್ನು ಇಟ್ಟುಕೋ’ ಎಂದು ಬ್ರೋಕರಿಗೆ ಹೇಳಿ ಕಳಿಸುವ ಸಂದೇಶ. ಪ್ರತಿ ಟಾಪಿಕ್ಕಿನಲ್ಲಿ ಹಾಗೆ ಬಂದ ಕೊನೆಯ ಒಂದು ಸಂದೇಶವನ್ನು ಬ್ರೋಕರು ಇಟ್ಟುಕೊಳ್ಳುತ್ತದೆ. ಆಮೇಲೆ ಯಾರು ಹೊಸದಾಗಿ ಕಿವಿಗೊಟ್ಟರೂ ಅದನ್ನು ಅವರಿಗೆ ಮಾತ್ರ ಒಪ್ಪಿಸುತ್ತದೆ. ಮೊದಲೇ ಕೂತಿದ್ದವರಿಗೆ ಅದು ಕೇಳಿಸುವುದಿಲ್ಲ. ನನ್ನ ಕಾವಲುಗಾರ ಎರಡು ದಿನದಿಂದ ಅಲ್ಲೇ ಕೂತಿದ್ದವನು. ಕರೆಂಟು ಬಂದು ಬೋರ್ಡು ಹೊಸದಾಗಿ ಬಂದಾಗ ಬ್ರೋಕರು ಬೋರ್ಡಿನ ಕಿವಿಯಲ್ಲಿ ಮಾತ್ರ ‘ಆನ್’ ಎಂದಿತ್ತು. ಇನ್ನೂ ಒಂದು ಸೂಕ್ಷ್ಮ ಇದೆ: ರಿಟೇನ್ ಹಾಕಿ ಕಳಿಸಿದ ಸಂದೇಶವೂ ಆ ಕ್ಷಣದಲ್ಲಿ ಕೇಳುತ್ತಿರುವವರಿಗೆ ರಿಟೇನ್ 0 ಎಂದೇ ಕಾಣುತ್ತದೆ. ಇಟ್ಟುಕೊಂಡದ್ದನ್ನು ಹೊರಗೆ ತೆಗೆದು ಕೊಡುವಾಗ ಮಾತ್ರ 1. ಹಾಗಾಗಿ ಸಂಜೆ 6ಕ್ಕೆ ಅಮ್ಮ ಒತ್ತಿದ ‘ಆನ್’ ಕೂಡ ನನ್ನ ಕಡತದಲ್ಲಿ 0 ಎಂದು ನಿರಪರಾಧಿಯಂತೆ ಕೂತಿತ್ತು. ಬ್ರೋಕರನ್ನು ಮರುಚಾಲೂ ಮಾಡಿದರೂ ಇದು ಹೋಗುತ್ತಿರಲಿಲ್ಲ, ಏಕೆಂದರೆ ಪರ್ಸಿಸ್ಟೆನ್ಸ್ ಚಾಲೂ ಇದ್ದ ಮಸ್ಕಿಟೋ ಇವನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಆಜ್ಞೆಗೆ ರಿಟೇನ್ ಹಾಕಿದವನು ನಾನೇ. ಆ್ಯಪ್ ಬರೆಯುವಾಗ ಯೋಚಿಸಿಯೇ ಹಾಕಿದ್ದೆ. ಶೆಡ್ಡಿನಲ್ಲಿ ವೈಫೈ ದುರ್ಬಲ. ಅಮ್ಮ ಗುಂಡಿ ಒತ್ತಿದ ಕ್ಷಣದಲ್ಲಿ ಬೋರ್ಡು ಸಂಪರ್ಕದಲ್ಲಿ ಇಲ್ಲದಿದ್ದರೆ ಆಜ್ಞೆ ಗಾಳಿಗೆ ಹೋಗುತ್ತದೆ, ಇಟ್ಟುಕೊಂಡರೆ ಬೋರ್ಡು ಬಂದಾಗ ಸಿಗುತ್ತದೆ ಎಂಬ ಲೆಕ್ಕ. ಈ ತಪ್ಪಿನಿಂದ ನಾನು ಕಲಿತದ್ದನ್ನು ಇಲ್ಲೇ ಹೇಳುತ್ತೇನೆ. ‘ಪಂಪು ಓಡುತ್ತಿದೆ’ ಎಂಬುದು ಸುದ್ದಿ. ತಡವಾಗಿ ಬಂದವನಿಗೂ ಅದನ್ನು ತಿಳಿಸಬೇಕು, ಆದ್ದರಿಂದ ಇಟ್ಟುಕೊಳ್ಳುವುದು ಸರಿ. ‘ಪಂಪು ಹಾಕು’ ಎಂಬುದು ಹೇಳಿದ ಹೊತ್ತಿಗೆ ಮಾತ್ರ ಸಲ್ಲುವ ಮಾತು. ಸಂಜೆ ಹೇಳಿದ್ದನ್ನು ರಾತ್ರಿ 2 ಗಂಟೆಗೆ ನಡೆಸಿಕೊಡುವ ಆಳು ಯಾರಿಗೂ ಬೇಡ. ಫೋನಿನ ಪರದೆಯಲ್ಲಿ ಇವೆರಡೂ ಒಂದೇ ಗುಂಡಿಯ ಬಣ್ಣವಾಗಿ ಕಾಣುತ್ತವೆ. ಕಮಾಂಡ್ ಟೈಪಿಸುವ ಟರ್ಮಿನಲ್ಲಿನಲ್ಲಿ ಎರಡು ಬೇರೆ ಸಾಲು.

ಹಾಗಾದರೆ ಕೆಲವು ರಾತ್ರಿ ಮಾತ್ರ ಏಕೆ? ಇದನ್ನು ಬಿಡಿಸಿದ್ದು ಅಪ್ಪನ ಡೈರಿ. ಯಾವ ದಿನ ಎಷ್ಟು ಗಂಟೆಗೆ ನೀರು ಬಿಟ್ಟದ್ದು, ಯಾರು ಬಿಟ್ಟದ್ದು, ಎಲ್ಲವನ್ನೂ ಅವರು ವರ್ಷಗಳಿಂದ ಬರೆದಿಡುತ್ತಾರೆ. ಕಡತವನ್ನೂ ಡೈರಿಯನ್ನೂ ಪಕ್ಕಪಕ್ಕ ಇಟ್ಟಾಗ ವಿಷಯ ಒಡೆಯಿತು. ಅಮ್ಮ ಫೋನಿನಲ್ಲಿ ಹಾಕಿ ಫೋನಿನಲ್ಲೇ ನಿಲ್ಲಿಸಿದ ದಿನ ಕೊನೆಯ ಆಜ್ಞೆ ‘ಆಫ್’. ಆ ರಾತ್ರಿ ತೊಂದರೆಯಿಲ್ಲ. ಫೋನಿನಲ್ಲಿ ಹಾಕಿದ ಮೇಲೆ 40 ನಿಮಿಷ ಕಳೆದು ತಾನಾಗಿ ನಿಂತ ದಿನ, ಅಥವಾ ಅಪ್ಪ ಶೆಡ್ಡಿನ ಗುಂಡಿಯಿಂದ ನಿಲ್ಲಿಸಿದ ದಿನ, ‘ಆಫ್’ ಎಂಬ ಮಾತು ಆಜ್ಞೆಯ ಟಾಪಿಕ್ಕಿಗೆ ಬರುವುದೇ ಇಲ್ಲ. ಅಲ್ಲಿ ‘ಆನ್’ ಹಾಗೆಯೇ ಉಳಿಯುತ್ತದೆ, ಕರೆಂಟು ಹೋಗಿ ಬರುವುದನ್ನು ಕಾಯುತ್ತಾ. ಜನವರಿಯವರೆಗೆ ಅಮ್ಮ ತಾವೇ ನಿಲ್ಲಿಸುತ್ತಿದ್ದರು. ತಾನಾಗಿ ನಿಲ್ಲುತ್ತದೆ ಎಂಬ ಧೈರ್ಯ ಬಂದ ಮೇಲೆ ಬಿಟ್ಟರು. ಅಮ್ಮನದು ತಪ್ಪಲ್ಲ. ತಾನಾಗಿ ನಿಲ್ಲುತ್ತದೆ ಎಂದು ಅವರಿಗೆ ಹೇಳಿದವನೂ ನಾನೇ.

ಇನ್ನು ಆ ಹಳೆಯ ‘ಆನ್’ ಅನ್ನು ಅಳಿಸಬೇಕು. ಅದೇ ಟಾಪಿಕ್ಕಿಗೆ ರಿಟೇನ್ ಹಾಕಿ ಖಾಲಿ ಸಂದೇಶ ಕಳಿಸಿದರೆ ಬ್ರೋಕರು ಇಟ್ಟುಕೊಂಡದ್ದನ್ನು ಬಿಡುತ್ತದೆ. ಸಂದೇಶ ಕಳಿಸುವ ಕಮಾಂಡ್ ‘ಮಸ್ಕಿಟೋ ಪಬ್’ಗೆ ಮೈನಸ್ ಆರ್ (ರಿಟೇನ್), ಮೈನಸ್ ಎನ್ (ಖಾಲಿ ಸಂದೇಶ) ಕೊಟ್ಟರೆ ಆಯಿತು. ಕೊಟ್ಟೆ. ಮತ್ತೆ ಸಬ್ ತೆರೆದು ನೋಡಿದೆ. ‘ಆನ್’ ಅಲ್ಲೇ ಇದೆ. ಇನ್ನೊಮ್ಮೆ ಕೊಟ್ಟೆ. ಅಲ್ಲೇ ಇದೆ.

ಟಾಪಿಕ್ಕಿನ ಹೆಸರು ಕಣ್ಣಿಗೆ ಒಂದೇ ಆಗಿತ್ತು. ಒಂದು ಗಂಟೆ ಕಳೆದ ಮೇಲೆ ಎರಡನ್ನೂ ‘ಎಕ್ಸ್‌ಎಕ್ಸ್‌ಡಿ’ಗೆ ಕೊಟ್ಟು ಬೈಟು ಬೈಟಾಗಿ ನೋಡಿದೆ. ಆ್ಯಪಿನಲ್ಲೂ ಬೋರ್ಡಿನಲ್ಲೂ ಇದ್ದ ‘ಪಂಪ್‌ಸೆಟ್’ನಲ್ಲಿ ‘ಪ್’ ಆದ ಮೇಲೆ ಮೂರು ಬೈಟು ಹೆಚ್ಚು. ಒತ್ತಕ್ಷರ ಕೂಡದಂತೆ ಕನ್ನಡ ಕೀಲಿಮಣೆ ಸೇರಿಸುವ, ಕಣ್ಣಿಗೆ ಕಾಣದ ಗುರುತು ಅದು. ನಾನು ಟರ್ಮಿನಲ್ಲಿನಲ್ಲಿ ಕೈಯಾರೆ ಟೈಪಿಸಿದ್ದರಲ್ಲಿ ಅದು ಇರಲಿಲ್ಲ. ಬೇರೆ ಕಡೆ ಆಗಿದ್ದರೆ ‘ಪ’ದ ಅಡಿಯಲ್ಲಿ ‘ಸ’ದ ಒತ್ತು ಬಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ಹೆಚ್ಚಿನ ಟರ್ಮಿನಲ್ಲುಗಳು ಚೌಕಚೌಕದ ಮನೆಯಲ್ಲಿ ಅಕ್ಷರ ಕೂರಿಸುವುದರಿಂದ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕಟ್ಟುವುದಿಲ್ಲ. ಹೀಗಾಗಿ ಎರಡೂ ಬಿಡಿಬಿಡಿಯಾಗಿ ಒಂದೇ ಥರ ಕಂಡಿದ್ದವು. ನಾನು ಖಾಲಿ ಸಂದೇಶ ಕಳಿಸುತ್ತಿದ್ದುದು ಇಲ್ಲದ ಪಂಪಿಗೆ.

ಕೊನೆಗೆ ಹೆಸರು ಟೈಪಿಸುವ ಗೋಜಿಗೇ ಹೋಗಲಿಲ್ಲ. ‘ಮಸ್ಕಿಟೋ ಸಬ್’ನಲ್ಲಿ ಇಟ್ಟುಕೊಂಡ ಸಂದೇಶಗಳನ್ನು ಮಾತ್ರ ತೋರಿಸುವ ‘ರಿಟೇನ್ಡ್ ಓನ್ಲಿ’ ಆಯ್ಕೆಯೂ, ಸಿಕ್ಕಿದ್ದನ್ನು ಅಳಿಸುವ ‘ರಿಮೂವ್ ರಿಟೇನ್ಡ್’ ಆಯ್ಕೆಯೂ ಇವೆ. ‘ತೋಟ’ದ ಮುಂದೆ ಹ್ಯಾಶ್ ಹಾಕಿ ಎಲ್ಲವನ್ನೂ ಗುಡಿಸಿದೆ. ಸ್ಥಿತಿಯ ಸಂದೇಶವೂ ಜೊತೆಗೆ ಹೋಯಿತು, ಆದರೆ ಬೋರ್ಡು ಮತ್ತೆ ಸೇರಿದಾಗ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಈಗ ಟಾಪಿಕ್ಕಿನ ಹೆಸರು ‘ತೋಟ/ನೀರು/ಆಜ್ಞೆ’. ಕನ್ನಡ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದೃಶ್ಯ ಗುರುತು ಬೇಡದ ಪದ ಆರಿಸಿಕೊಂಡೆ, ಅಷ್ಟೇ. ‘ಪಂಪ್‌ಸೆಟ್’ಗಿಂತ ‘ನೀರು’ ಒಳ್ಳೆಯ ಪದವೂ ಹೌದು.

ಆ್ಯಪನ್ನು ತಿದ್ದುವುದು ಒಂದು ಸಾಲಿನ ಕೆಲಸ: ರಿಟೇನ್ ತೆಗೆಯುವುದು. ಆದರೆ ರಿಟೇನ್ ಹಾಕಲು ಕಾರಣವಾದ ದುರ್ಬಲ ವೈಫೈ ಹಾಗೆಯೇ ಇದೆಯಲ್ಲ? ಎಂಕ್ಯೂಟಿಟಿಯ 5ನೇ ಆವೃತ್ತಿಯಲ್ಲಿ ಸಂದೇಶಕ್ಕೆ ಇಷ್ಟು ಸೆಕೆಂಡು ಎಂದು ಆಯುಷ್ಯ ಕೊಡಬಹುದು. ಅದನ್ನೂ ಯೋಚಿಸಿದೆ, ಬೇಡ ಎನ್ನಿಸಿತು. ನೀರಿನ ವಿಷಯದಲ್ಲಿ ತಲುಪದ ಆಜ್ಞೆ ಕಳೆದುಹೋಗುವುದೇ ಒಳ್ಳೆಯದು, ಕಳೆದುಹೋಯಿತೆಂದು ಅಮ್ಮನಿಗೆ ಗೊತ್ತಾದರೆ ಸಾಕು. ಈಗ ಗುಂಡಿ ಒತ್ತಿದ ಮೇಲೆ ಆ್ಯಪ್ 5 ಸೆಕೆಂಡು ಸ್ಥಿತಿಯ ಟಾಪಿಕ್ಕಿಗೆ ಕಿವಿಗೊಡುತ್ತದೆ. ‘ಆನ್’ ಎಂದು ಬೋರ್ಡೇ ಹೇಳಿದರೆ ಮಾತ್ರ ಗುಂಡಿ ಹಸಿರಾಗುತ್ತದೆ. ಇಲ್ಲದಿದ್ದರೆ ‘ಪಂಪು ಉತ್ತರ ಕೊಡಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದು ಬರುತ್ತದೆ. ಹೊಸ ಆ್ಯಪನ್ನು ‘ಫ್ಲಟರ್ ಬಿಲ್ಡ್’ನಿಂದ ಕಟ್ಟಿ, ‘ಎಡಿಬಿ ಇನ್‌ಸ್ಟಾಲ್’ನಿಂದ ಅಮ್ಮನ ಫೋನಿಗೆ ಹಾಕಿದೆ. ‘ಎಡಿಬಿ ಲಾಗ್‌ಕ್ಯಾಟ್’ (ಫೋನಿನೊಳಗೆ ನಡೆಯುವುದನ್ನು ಸಾಲುಸಾಲಾಗಿ ತೋರಿಸುವ ಕಮಾಂಡ್) ತೆರೆದಿಟ್ಟುಕೊಂಡು ಅಮ್ಮನ ಕೈಯಿಂದಲೇ ಒತ್ತಿಸಿದೆ. ನಾನು ಗುಂಡಿಯನ್ನು ಮುಟ್ಟಿ ಬಿಡುತ್ತೇನೆ. ಅಮ್ಮ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ, ಅದು ಎರಡು ಸಲ ಒತ್ತಿದಂತೆ ಹೋಗುತ್ತಿತ್ತು. ಲಾಗ್ ನೋಡದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಹೆಚ್ಚು ಸಮಯ ಹಿಡಿದದ್ದು ಪರೀಕ್ಷೆ. ಇಷ್ಟು ದಿನ ನಾನು ಪರೀಕ್ಷಿಸುತ್ತಿದ್ದುದು ಗುಂಡಿ ಒತ್ತಿ, ರಿಲೇ ‘ಟಕ್’ ಎನ್ನುವುದನ್ನು ಕೇಳಿ. ಕರೆಂಟು ಹೋಗುವುದನ್ನು ಪರೀಕ್ಷಿಸಿರಲೇ ಇಲ್ಲ. ಕಾಸರಗೋಡಿನ ಗುಡ್ಡೆಯ ಊರಿಗೆ ಆ್ಯಪ್ ಬರೆಯುವವನು ಮೊದಲು ಪರೀಕ್ಷಿಸಬೇಕಾದದ್ದೇ ಅದು. ಈಗ ಆ್ಯಪಿನಲ್ಲಿ ಸಂದೇಶ ಕಳಿಸುವ ಭಾಗವನ್ನು ಪರದೆಯಿಂದ ಪೂರ್ತಿ ಬೇರ್ಪಡಿಸಿದ್ದೇನೆ. ಫ್ಲಟರಿನ ಭಾಷೆ ಡಾರ್ಟ್. ‘ಡಾರ್ಟ್ ರನ್’ ಎಂದರೆ ಫೋನಿಲ್ಲದೆ, ಗುಂಡಿಯಿಲ್ಲದೆ, ಅದೇ ಕೋಡು ಟರ್ಮಿನಲ್ಲಿನಿಂದ ‘ನೀರು ಬಿಡು’ ಎನ್ನುತ್ತದೆ. ಒಂದು ಶೆಲ್ ಸ್ಕ್ರಿಪ್ಟು ಲ್ಯಾಪ್‌ಟಾಪಿನಲ್ಲೇ 1884ನೇ ಪೋರ್ಟಿನಲ್ಲಿ ಬೇರೆ ಬ್ರೋಕರ್ ಎಬ್ಬಿಸುತ್ತದೆ, ‘ಮಸ್ಕಿಟೋ ಸಬ್’ನಿಂದ ಒಂದು ಸುಳ್ಳು ಪಂಪನ್ನು ಮಾಡುತ್ತದೆ, ಆಜ್ಞೆ ಕೊಡಿಸುತ್ತದೆ, ಸುಳ್ಳು ಪಂಪನ್ನು ಕೊಲ್ಲುತ್ತದೆ. ಅದೇ ಕರೆಂಟು ಹೋದದ್ದು. ಮತ್ತೆ ಎಬ್ಬಿಸಿ 3 ಸೆಕೆಂಡು ಕಾಯುತ್ತದೆ. ಆ 3 ಸೆಕೆಂಡಿನಲ್ಲಿ ಯಾವ ಆಜ್ಞೆಯೂ ಕಿವಿಗೆ ಬೀಳಬಾರದು. ಮೈನಸ್ ಡಬ್ಲ್ಯೂ ಕೊಟ್ಟು ಕಾಯಿಸಿದಾಗ ಏನೂ ಬರದೆ ಸಮಯ ಮುಗಿದರೆ ‘ಮಸ್ಕಿಟೋ ಸಬ್’ 27 ಎಂಬ ಸಂಖ್ಯೆ ಹೇಳಿ ಹೊರಬರುತ್ತದೆ. ಸಾಮಾನ್ಯವಾಗಿ ಸೊನ್ನೆ ಎಂದರೆ ಗೆಲುವು. ನನ್ನ ಈ ಪರೀಕ್ಷೆಯಲ್ಲಿ 27 ಬಂದರೆ ಗೆಲುವು. ಇದು ಪಾಸಾಗದೆ ಆ್ಯಪ್ ಕಟ್ಟುವುದಿಲ್ಲ.

ಎಂಕ್ಯೂಟಿಟಿ ಬಳಸದವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಉಪಕರಣಗಳು ಒಟ್ಟಿಗೆ ಕೆಲಸ ಮಾಡಲೆಂದು 2022ರ ಅಕ್ಟೋಬರಿನಲ್ಲಿ ಬಂದ ಮ್ಯಾಟರ್ ಮಾನದಂಡದಲ್ಲಿ ದೀಪಗಳಿಗೆ ‘ಸ್ಟಾರ್ಟ್‌ಅಪ್ ಆನ್ ಆಫ್’ ಎಂಬ ಗುಣವೇ ಇದೆ. ಕರೆಂಟು ಬಂದಾಗ 0 ಇದ್ದರೆ ಆಫ್, 1 ಇದ್ದರೆ ಆನ್, 2 ಇದ್ದರೆ ಮೊದಲಿದ್ದುದರ ತಿರುವು, ಖಾಲಿ ಬಿಟ್ಟರೆ ಹಿಂದಿನ ಸ್ಥಿತಿ. ಅದನ್ನು ‘ಚಿಪ್ ಟೂಲ್’ ಎಂಬ ಕಮಾಂಡಿನಿಂದ ಓದಬಹುದು, ಬರೆಯಬಹುದು. ಸ್ಮಾರ್ಟ್‌ಥಿಂಗ್ಸ್‌ನ (ಮನೆಯ ಉಪಕರಣಗಳನ್ನು ಒಂದೆಡೆಯಿಂದ ನಡೆಸುವ ವ್ಯವಸ್ಥೆ) ಕಮಾಂಡ್ ಲೈನಿನಲ್ಲಿ ಉಪಕರಣದ ಸ್ಥಿತಿ ಕೇಳುವುದು ಒಂದು ಕಮಾಂಡ್, ಅದಕ್ಕೆ ಆಜ್ಞೆ ಕೊಡುವುದು ಇನ್ನೊಂದು. ಅದರ ಹಬ್ಬಿನೊಳಗೆ (ಉಪಕರಣಗಳನ್ನು ಜೋಡಿಸುವ ಪೆಟ್ಟಿಗೆ) ಓಡುವ, ಲುವಾ ಭಾಷೆಯಲ್ಲಿ ಬರೆದ ಡ್ರೈವರಿನ ಮಾತನ್ನು ನೇರವಾಗಿ ಕೇಳಲು ಅಲ್ಲೂ ಒಂದು ಲಾಗ್‌ಕ್ಯಾಟ್ ಇದೆ. ಕೊಂಡು ತಂದ ಬಲ್ಬೇ ಆಗಲಿ, ಗೋಡೆಗೆ ಹಾಕುವ ಮುನ್ನ ನಾನು ಈಗ ಮೇಜಿನ ಮೇಲೆ ಹತ್ತು ಸಲ ಕರೆಂಟು ತೆಗೆದು ಕೊಟ್ಟು ನೋಡುತ್ತೇನೆ.

ಮೇ ತಿಂಗಳಲ್ಲಿ ಮಳೆಗೆ ಮುಂಚಿನ ಗುಡುಗು ಶುರುವಾಯಿತು. ಒಂದು ರಾತ್ರಿ 11 ಸಲ ಕರೆಂಟು ಹೋಗಿ ಬಂತು. ಸಂಜೆ ಅಮ್ಮ ಫೋನಿನಲ್ಲೇ ನೀರು ಬಿಟ್ಟಿದ್ದರು, ತಾನಾಗಿ ನಿಂತಿತ್ತು. ಬೆಳಿಗ್ಗೆ ಮಂಗಳೂರಿನಿಂದ ಕಡತ ತೆರೆದು ನೋಡಿದೆ. ಬೋರ್ಡು 11 ಸಲ ಎದ್ದು ಬಂದು 11 ಸಲವೂ ‘ಆಫ್’ ಎಂದು ವರದಿ ಒಪ್ಪಿಸಿತ್ತು. ಅಪ್ಪನಿಗೆ ಫೋನು ಮಾಡಿದರೆ ಅವರು ಆಗಲೇ ಟಾಂಕಿಯ ಹತ್ತಿರ ಇದ್ದರು. ‘ಮುಕ್ಕಾಲು ಉಂಟು’ ಅಂದರು. ಸುಟ್ಟ ಸೀಲಿನ ಬದಲು ಹಾಕಿದ ಹೊಸ ಸೀಲು ಸ್ವಲ್ಪ ಸೋರುತ್ತಿದೆಯಂತೆ, ಮುಂದಿನ ಶನಿವಾರ ಬರುವಾಗ ನೋಡು ಅಂದರು. ಟಾಂಕಿಯಲ್ಲಿ ನೀರು ಎಷ್ಟಿದೆಯೆಂದು ಆ್ಯಪಿನಲ್ಲಿ ಕಾಣಬೇಕೆಂಬುದು ಅಮ್ಮನ ಬೇಡಿಕೆ. ಅದಕ್ಕೆ ಬೇಕಾದ ತೇಲುವ ಸೆನ್ಸರ್ ನನ್ನ ಮೇಜಿನ ಮೇಲಿದೆ. ಅದಕ್ಕೆ ‘ತೋಟ/ನೀರು/ಮಟ್ಟ’ ಎಂದು ಹೆಸರಿಟ್ಟಿದ್ದೇನೆ, ರಿಟೇನ್ ಹಾಕಿಯೇ.